ನಾನು ಎಬ್ಬಿಸಿದ ಬ್ಯಾಟರಿ

ಮಗಳ ಮನೆಯಿಂದ ಫೋನ್ ಬಂದರೆ ಈಗಲೂ ಮೊದಲು ಎದೆ ಧಸಕ್ಕೆನ್ನುತ್ತದೆ, ಆಮೇಲೆ ಕೈ ಮುಂದೆ ಹೋಗುತ್ತದೆ. ಇದಕ್ಕೆ ಕಾರಣ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದೊಂದು ಬ್ಯಾಟರಿ. ಅದನ್ನು ಕೊಂಡವನು ನಾನೇ, ಕೆಡಿಸಿದವನೂ ನಾನೇ, ಸರಿಯಾಗಿದೆ ಎಂದು ಸುಳ್ಳು ಹೇಳಿ ಕೊಟ್ಟವನೂ ನಾನೇ.

ನಾನು ಹಾಸನದ ಕಡೆಯವನು. ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದೆ. ಹೆಚ್ಚಿನ ಕಾಲ ಬ್ಯಾಟರಿ ರೂಮಿನ ಉಸ್ತುವಾರಿ ನನ್ನದು. ಕರೆಂಟು ಹೋದ ಗಳಿಗೆಯಲ್ಲಿ ಕಾರ್ಖಾನೆಯನ್ನು ಕಾಯುವ ಸೀಸದ ಬ್ಯಾಟರಿಗಳು ಅಲ್ಲಿ ಸಾಲಾಗಿ ಕೂತಿರುತ್ತಿದ್ದವು. ಯಾವುದಾದರೂ ಸತ್ತ ಹಾಗೆ ಕಂಡರೆ ಪಕ್ಕದ ಒಳ್ಳೆಯದರಿಂದ ಕರೆಂಟು ಕೊಟ್ಟು ಎಬ್ಬಿಸುತ್ತಿದ್ದೆವು. ಇವರು ಹೆಣವನ್ನೂ ಚಾರ್ಜ್ ಮಾಡ್ತಾರೆ ಎಂದು ಜೊತೆಯವರು ಗೇಲಿ ಮಾಡುತ್ತಿದ್ದರು. ನನಗೆ ಅದು ಬಿರುದು ಕೊಟ್ಟಷ್ಟು ಖುಷಿ. ನಿವೃತ್ತನಾಗಿ, ಕಾರ್ಖಾನೆಯ ಟೌನ್‌ಶಿಪ್ ಬಿಟ್ಟು ಊರಂಚಿನ ಪೆಂಡುರ್ತಿಯಲ್ಲಿ ಮನೆ ಮಾಡಿದ ಮೇಲೂ ಆ ಜಂಬ ಇಳಿಯಲಿಲ್ಲ.

ಒಬ್ಬಳೇ ಮಗಳು. ವಿಜಯವಾಡದ ತೆಲುಗು ಹುಡುಗನನ್ನು ಮದುವೆಯಾಗಿ ಅಲ್ಲಿನ ಭವಾನಿಪುರಂನಲ್ಲಿದ್ದಾಳೆ. ಅಳಿಯ ಮನೆಗಳಿಗೆ ಅಡುಗೆಮನೆ ಕಪಾಟು, ವಾರ್ಡ್‌ರೋಬು ಕೂಡಿಸುವ ಕೆಲಸ ಮಾಡುತ್ತಾನೆ. ಎಲ್ಲಿ ಹೋದರೂ ಉದ್ದ ವೈರು ಎಳೆದುಕೊಂಡು ಡ್ರಿಲ್ ಹಿಡಿಯುತ್ತಿದ್ದ. ವೈರಿಲ್ಲದ ಡ್ರಿಲ್ಲೊಂದು ಕೊಡಿಸಬೇಕೆಂಬುದು ನನ್ನ ಆಸೆಯಾಗಿತ್ತು.

ಆಷಾಢದಲ್ಲಿ ಬೆಲ್ಲ ತರಲು ಅನಕಾಪಲ್ಲಿಗೆ ಹೋದಾಗ, ಮಾರ್ಕೆಟ್ಟಿನ ಪಕ್ಕ ಮುಚ್ಚಲಿರುವ ಹಾರ್ಡ್‌ವೇರ್ ಅಂಗಡಿ ಕಂಡಿತು. ಅರ್ಧ ಬೆಲೆಗೆ ಡ್ರಿಲ್, ಚಾರ್ಜರ್, ಎರಡು ಬ್ಯಾಟರಿ. ಡಬ್ಬದ ಮೇಲೆ ತಯಾರಾದ ತಿಂಗಳು ಇರಬೇಕಾದ ಜಾಗದಲ್ಲಿ ರಿಯಾಯಿತಿ ಚೀಟಿ ಅಂಟಿಸಿದ್ದರು. ಇದು ಹಳೇ ಸ್ಟಾಕಾ ಎಂದು ಕೇಳಿದೆ. "ಸೀಲ್ ಕೂಡ ಒಡೆದಿಲ್ಲ ಸಾರ್. ವಾರಂಟಿ ಬಿಲ್ಲಿನ ದಿನದಿಂದಲೇ," ಎಂದು ಅಂಗಡಿಯವನು ತೆಲುಗಿನಲ್ಲಿ ಹೇಳಿದ. ಆ ಚೀಟಿಯನ್ನು ಉಗುರಿನಿಂದ ಕೆರೆದು ನೋಡಬಹುದಿತ್ತು. ನೋಡಲಿಲ್ಲ.

ಮನೆಗೆ ತಂದೆ. ಆಷಾಢದಲ್ಲಿ ಹೊಸ ವಸ್ತು ಶುರುಮಾಡುವುದು ಬೇಡ ಅಂದಳು ನನ್ನ ಹೆಂಡತಿ. ನಮ್ಮ ತಂದೆ ಹೊಸ ಮಚ್ಚು ತಂದರೂ ಆಯುಧಪೂಜೆಯವರೆಗೆ ಮುಟ್ಟುತ್ತಿರಲಿಲ್ಲ. ಹಾಗಾದರೆ ಪೂಜೆಗೇ ಇರಲಿ ಎಂದು ಡಬ್ಬವನ್ನು ಸೀಲ್ ಒಡೆಯದೆ ದೇವರ ಮನೆಯಲ್ಲಿಟ್ಟೆ. ಮೂರು ತಿಂಗಳು ಅದು ಅಲ್ಲೇ ಕೂತಿತ್ತು. ದಿನಾ ದೀಪ ಹಚ್ಚುವಾಗ ಅದನ್ನೂ ಒಂದು ಸಲ ನೋಡಿ ಕೈಮುಗಿಯುತ್ತಿದ್ದೆ.

ಪೂಜೆಯ ದಿನ ಸೀಲ್ ಒಡೆದು, ಅರಿಸಿನ ಕುಂಕುಮ ಇಟ್ಟು, ಬ್ಯಾಟರಿಗಳನ್ನು ಒಂದೊಂದಾಗಿ ಚಾರ್ಜಿಗೆ ಹಾಕಿದೆ. ಮೊದಲನೆಯದು ತುಂಬಿತು. ಎರಡನೆಯದನ್ನು ಇಟ್ಟ ಕೂಡಲೇ ಚಾರ್ಜರ್ ಕೆಂಪು ದೀಪ ಮಿಟುಕಿಸಿತು. ನಾಲ್ಕು ಸಲ ತೆಗೆದು ಹಾಕಿದರೂ ಅದೇ ಕೆಂಪು.

ನಗರದ ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗಿ ಬ್ಯಾಟರಿಯ ತಳ ತಿರುಗಿಸಿ ಅಂಕಿಗಳನ್ನು ಓದಿದಳು. "ಇದು ತಯಾರಾಗಿ ಐದು ವರ್ಷ ಆಗಿದೆ ಸಾರ್. ಕೊಂಡ ಒಂದು ತಿಂಗಳೊಳಗೆ ಫೋನಿನಲ್ಲಿ ನೋಂದಾಯಿಸಿದ್ದರೆ ಬದಲಿಸಿ ಕೊಡುತ್ತಿದ್ದೆವು." ಯಾಕೆ ನೋಂದಾಯಿಸಲಿಲ್ಲ ಎಂದಳು. ದೇವರ ಮುಂದೆ ಇಟ್ಟಿದ್ದೆ ಎಂದು ಹೇಳಲು ನಾಚಿಕೆಯಾಯಿತು. ಅವಳು ಇನ್ನೊಂದು ಮಾತು ಹೇಳಿದಳು: "ಇದನ್ನು ಮನೆಗೆ ಒಯ್ಯಬೇಡಿ. ಇಲ್ಲೇ ಬಿಡಿ, ನಾವು ವಿಲೇವಾರಿ ಮಾಡುತ್ತೇವೆ."

ನನಗೆ ಮೂಗಿನ ತುದಿಯಲ್ಲೇ ಕೋಪ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ನನಗೆ ಬ್ಯಾಟರಿ ಪಾಠ ಹೇಳುವುದೇ ಎಂದು ಅದನ್ನು ಜೇಬಿಗೆ ಹಾಕಿಕೊಂಡು ಬಂದೆ. ಮನೆಯಲ್ಲಿ ಎರಡು ತುಂಡು ವೈರು ತೆಗೆದುಕೊಂಡು, ಒಳ್ಳೆಯ ಬ್ಯಾಟರಿಯಿಂದ ಸತ್ತದ್ದಕ್ಕೆ ಸ್ವಲ್ಪ ಹೊತ್ತು ಕರೆಂಟು ಕೊಟ್ಟೆ. ಆಮೇಲೆ ಚಾರ್ಜರಿಗೆ ಇಟ್ಟರೆ, ಹಸಿರು ದೀಪ! ಬ್ಯಾಟರಿ ರೂಮಿನಲ್ಲಿ ಹೀಗೆ ಎಬ್ಬಿಸಿದ್ದರ ಮೇಲೆ ಕೆಂಪು ಬಣ್ಣದ ಗುರುತು ಹಾಕುವುದು ಕಡ್ಡಾಯವಾಗಿತ್ತು. ಇದಕ್ಕೆ ಹಾಕಲಿಲ್ಲ. ಹಾಕಿದ್ದರೆ ಅಳಿಯ ಏನಿದು ಎಂದು ಕೇಳುತ್ತಿದ್ದ.

ದೀಪಾವಳಿಗೆ ಅವರು ಬಂದಾಗ ಉಡುಗೊರೆ ಕೊಟ್ಟೆ. "ಎರಡೂ ಬ್ಯಾಟರಿ ನಾನೇ ಚೆಕ್ ಮಾಡಿದ್ದೀನಿ. ಕಣ್ಣು ಮುಚ್ಚಿಕೊಂಡು ಬಳಸಿ," ಅಂದೆ. ಅಳಿಯ ನನ್ನ ಕಾಲಿಗೆ ನಮಸ್ಕಾರ ಮಾಡಿದ.

ಕೆಲವು ತಿಂಗಳ ನಂತರ, ಬೆಳಗಿನ ವಾಕಿಂಗಿನಲ್ಲಿ, ನನ್ನ ಕೈಕೆಳಗೆ ಕೆಲಸ ಮಾಡಿದ್ದ ಇಂಜಿನಿಯರೊಬ್ಬ ಸಿಕ್ಕಿದ. ಯಾರದೋ ಎಲೆಕ್ಟ್ರಿಕ್ ಸ್ಕೂಟರು ಚಾರ್ಜಿಗೆ ನಿಂತಲ್ಲೇ ಸುಟ್ಟುಹೋದ ಸುದ್ದಿ ಮಾತಿಗೆ ಬಂತು. ಸ್ಕೂಟರು, ಡ್ರಿಲ್ಲು, ಎಲ್ಲದರಲ್ಲೂ ಇರುವ ಈ ಲಿಥಿಯಂ ಬ್ಯಾಟರಿ ನಮ್ಮ ಸೀಸದ ಬ್ಯಾಟರಿಯ ಹಾಗಲ್ಲ ಎಂದ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದರೆ ಒಳಗಿನ ತಾಮ್ರ ಕರಗುತ್ತದಂತೆ. ಅದಕ್ಕೆ ಮತ್ತೆ ಕರೆಂಟು ಕೊಟ್ಟರೆ ಆ ತಾಮ್ರ ಒಳಗೊಳಗೇ ಸೂಜಿಯ ಹಾಗೆ ಬೆಳೆಯುತ್ತದಂತೆ. "ಎಷ್ಟೋ ದಿನ ಚೆನ್ನಾಗೇ ಇರುತ್ತೆ ಸರ್. ಒಂದು ದಿನ ಚಾರ್ಜಿನಲ್ಲಿದ್ದಾಗ ಹೊತ್ತಿಕೊಳ್ಳುತ್ತೆ. ನೀರು ಹಾಕಿದರೂ ಸುಲಭಕ್ಕೆ ಆರಲ್ಲ."

"ಯಾರಾದರೂ ಎಬ್ಬಿಸಿದರೆ?" ಎಂದು ಕೇಳಿದೆ.

"ಯಾರು ಎಬ್ಬಿಸಿದ್ದಾರೆ ಸರ್?"

ಯಾರೂ ಇಲ್ಲ ಎಂದೆ. ಮನೆಗೆ ಬಂದವನೇ ತಿಂಡಿ ಬಿಟ್ಟು ಫೋನ್ ಹುಡುಕಿದೆ. "ಯಾಕ್ರೀ ಹಂಗೆ ಬೆವರ್ತಾ ಇದ್ದೀರಾ?" ಎಂದು ಹೆಂಡತಿ ಕೇಳಿದಳು. ಬಿಸಿಲು ಎಂದೆ. ಮಗಳಿಗೆ ವಿಡಿಯೋ ಕಾಲ್ ಮಾಡಿ, ಡ್ರಿಲ್ ಎಲ್ಲಿಡುತ್ತೀರಿ ಎಂದು ಕೇಳಿದೆ. ಅವಳು ಫೋನ್ ತಿರುಗಿಸಿ ತೋರಿಸಿದಳು. ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಚಾರ್ಜರ್ ಇತ್ತು. ಎರಡನೇ ಮಹಡಿಯ ಆ ಮನೆಗೆ ಅದೊಂದೇ ಬಾಗಿಲು. ಆ ಸ್ಟ್ಯಾಂಡಿನ ಕೆಳಗೆ ನನ್ನ ಎರಡು ವರ್ಷದ ಮೊಮ್ಮಗಳು ಕೂತು ಅಪ್ಪನ ಚಪ್ಪಲಿ ಜೋಡಿಸುತ್ತಿದ್ದಳು.

"ಒಂದು ಬ್ಯಾಟರಿ ತುಂಬಾ ವೇಡಿ ಆಗುತ್ತೆ ಅಪ್ಪಾ," ಅಂದಳು ಮಗಳು. ಬಿಸಿ ಎನ್ನುವ ಮಾತು ಅವಳ ಬಾಯಿಗೆ ತೆಲುಗಿನಲ್ಲೇ ಬರುತ್ತದೆ. "ನೇಲ್ ಪಾಲಿಶ್ ವಾಸನೆ ಥರ ಏನೋ ಬರುತ್ತೆ."

ಆಗ ನಿಜ ಹೇಳಬೇಕಿತ್ತು. ಪಕ್ಕದಲ್ಲಿ ಅಳಿಯನ ದನಿ ಕೇಳಿಸುತ್ತಿತ್ತು. ನನ್ನ ಮಾನ ಅಡ್ಡ ಬಂತು. "ನಿಮ್ಮ ಕಡೆ ವೋಲ್ಟೇಜ್ ಸರಿಯಿಲ್ಲ ಅನ್ಸುತ್ತೆ. ಈಗಲೇ ಪ್ಲಗ್ ತೆಗೆದು ಎರಡನ್ನೂ ಬಾಲ್ಕನಿಯಲ್ಲಿಡು. ನಾಳೆ ನಾನೇ ಬಂದು ನೋಡ್ತೀನಿ," ಅಂದುಬಿಟ್ಟೆ. ಅವಳು ಇಟ್ಟಳು. ನನ್ನ ಜೀವ ಅರ್ಧ ವಾಪಸು ಬಂತು.

ಮರುದಿನ ಬೆಳಗಿನ ರೈಲು ಹತ್ತಿದೆ. ಚೀಲದಲ್ಲಿ ಮೀಟರು, ಮುಚ್ಚಳವಿರುವ ಒಂದು ತಗಡಿನ ಡಬ್ಬ, ಅದರ ತುಂಬ ಮರಳು. ದಾರಿಯುದ್ದಕ್ಕೂ ಬ್ಯಾಟರಿಯನ್ನು ಮರಳಿನಲ್ಲಿ ಹೂತು ಹೊರಗೆ ಒಯ್ಯುವುದನ್ನೇ ಯೋಚಿಸುತ್ತಿದ್ದೆ. ಅಳಿಯನಿಗೆ ಹೇಳಲು ಇನ್ನೊಂದು ಸುಳ್ಳನ್ನೂ ಸಿದ್ಧಮಾಡಿಕೊಂಡಿದ್ದೆ.

ಮಧ್ಯಾಹ್ನ ಮನೆ ತಲುಪಿ ನೇರ ಬಾಲ್ಕನಿಗೆ ಹೋದೆ. ಅಲ್ಲಿ ಒಂದೇ ಬ್ಯಾಟರಿ ಇತ್ತು. ಮುಟ್ಟಿದರೆ ತಣ್ಣಗಿತ್ತು. ಮೀಟರ್ ಇಟ್ಟೆ. ಅಳತೆ ಸರಿಯಾಗಿತ್ತು, ಎಷ್ಟು ಹೊತ್ತು ಹಿಡಿದರೂ ಇಳಿಯಲಿಲ್ಲ. ಬ್ಯಾಟರಿ ಚೆನ್ನಾಗಿದೆ ಎಂದು ಗೊತ್ತಾಗಿ ಕೈಕಾಲು ತಣ್ಣಗಾದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ಇನ್ನೊಂದು ಎಲ್ಲಿ?"

ಅಳಿಯ ಖುಷಿಯಿಂದಲೇ ಹೇಳಿದ. ಜೊತೆಗೆ ಕೆಲಸ ಮಾಡುವವನೊಬ್ಬನ ಬ್ಯಾಟರಿ ಕೈಕೊಟ್ಟಿತ್ತಂತೆ. ಒಡಿಶಾ ಕಡೆ ಯಾವುದೋ ಕಟ್ಟಡದ ಕೆಲಸಕ್ಕೆ ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಬೆಳಿಗ್ಗೆಯೇ ಹೊರಟಿದ್ದ. ದಾರಿಯಲ್ಲಿ ಇಲ್ಲಿಗೆ ಬಂದು ಕೇಳಿದ್ದಾನೆ. "ಬೇಗ ಫುಲ್ ಆಗುತ್ತಲ್ಲ ಮಾಮಯ್ಯಾ, ಆ ಒಳ್ಳೆಯದನ್ನೇ ಕೊಟ್ಟೆ. ಬಿಸಿಯಾಗುತ್ತೆ ಅಂತಲೂ ಹೇಳಿದೆ. ಅವನು ಹಿಂದೆ ಮುಂದೆ ನೋಡಿದ. ನಮ್ಮ ಮಾಮಯ್ಯ ಮೂವತ್ತು ವರ್ಷ ಬ್ಯಾಟರಿ ರೂಮಿನಲ್ಲಿದ್ದವರು, ಅವರೇ ಚೆಕ್ ಮಾಡಿದ್ದು, ತಪ್ಪೆಲ್ಲ ನಮ್ಮ ವೋಲ್ಟೇಜಿನದು ಅಂತ ಹೇಳಿದ್ದಾರೆ ಅಂದೆ. ಆಮೇಲೆ ತಗೊಂಡ."

ನಾನು ನೆಲದ ಮೇಲೆ ಕೂತುಬಿಟ್ಟೆ. ಮೊಮ್ಮಗಳು ಓಡಿಬಂದು ತೊಡೆಯ ಮೇಲೆ ಕೂತಳು. ಅವಳನ್ನು ಹಿಡಿದುಕೊಂಡೇ ಎಲ್ಲ ಹೇಳಿದೆ: ಅಂಗಡಿ, ಪೂಜೆ, ಸರ್ವಿಸ್ ಸೆಂಟರಿನ ಹುಡುಗಿ, ಎರಡು ತುಂಡು ವೈರು. ಅಳಿಯ ಆ ಜೊತೆಗಾರನ ನಂಬರಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಕೆಲಸದ ಜಾಗ ಬದಲಾದಾಗಲೆಲ್ಲ ಅವನು ಸಿಮ್ ಬದಲಿಸುತ್ತಾನೆ, ಊರಿನ ಹೆಸರು ತಾನು ಕೇಳಲೇ ಇಲ್ಲ ಎಂದ.

ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಆ ಮಕ್ಕಳಲ್ಲಿ ಚಿಕ್ಕದಕ್ಕೂ ಇವಳದೇ ವಯಸ್ಸು ಅಪ್ಪಾ," ಎಂದಳು. ಆಮೇಲೆ ಹತ್ತಿರ ಬಂದು, ನನ್ನ ಮುಖ ನೋಡದೆ, ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಒಳಗೆ ಹೋದಳು.