ಹುಳು ಹಣ್ಣಾದ ದಿನ ಬಂದ ಭೂಕಂಪ

ಸುನಾಮಿ ಬಂದು ಹೋದ ಮೇಲೆ ನಮ್ಮ ಸುತ್ತಲಿನ ದೇಶಗಳಿಗೆಲ್ಲ ಇದ್ದಕ್ಕಿದ್ದಂತೆ ಅಕ್ಕಪಕ್ಕದವರ ನೆನಪಾಯಿತು. ವಿಪತ್ತು ಬಂದರೆ ಒಬ್ಬರಿಗೊಬ್ಬರು ಹೇಗೆ ಆಗಬೇಕೆಂದು ಕಲಿಯಲು ಅಧಿಕಾರಿಗಳು ಒಬ್ಬರ ದೇಶಕ್ಕೊಬ್ಬರು ಹೋಗಿಬರತೊಡಗಿದರು. ಅಂಥದೊಂದು ತಂಡ ನಮ್ಮ ಚಿಕ್ಕಬಳ್ಳಾಪುರಕ್ಕೂ ಬರುತ್ತದೆ ಎಂದಾಗ ನಾನು ನಂಬಲಿಲ್ಲ. ನಮ್ಮಲ್ಲಿ ಸಮುದ್ರವಿಲ್ಲ, ತುಂಬಿ ಹರಿಯುವ ನದಿಯಿಲ್ಲ, ಭೂಮಿ ನಡುಗಿದ್ದನ್ನು ನಮ್ಮಜ್ಜಿ ಕೂಡ ಕಂಡವಳಲ್ಲ.

ನಾನಾಗ ಶಿಡ್ಲಘಟ್ಟದಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಆ ಒಂದು ಅಪರಾಧಕ್ಕಾಗಿ ನನ್ನನ್ನು ತಂಡದ ದುಭಾಷಿ ಮಾಡಿದರು. ಕಾರ್ಯಕ್ರಮದ ಹೊಣೆ ಹೊತ್ತಿದ್ದ ಅಧಿಕಾರಿಯನ್ನು, ಇಲ್ಲೇ ಯಾಕೆ ಸಾರ್ ಎಂದು ಕೇಳಿದೆ.

"ಅದಕ್ಕೇ ಕಣ್ರೀ ಮೇಷ್ಟ್ರೇ ಇಲ್ಲಿ ಇಟ್ಟಿರೋದು. ಏನೂ ಆಗದೇ ಇರೋ ಜಾಗದಲ್ಲಿ ಮಾಡಿದ್ರೆ ಯಾರಿಗೂ ತೊಂದ್ರೆ ಇರಲ್ಲ. ಏರ್‌ಪೋರ್ಟೂ ಹತ್ರ," ಎಂದರು. ಇಷ್ಟು ಸ್ಪಷ್ಟವಾದ ಉತ್ತರ ಸರ್ಕಾರಿ ಕಚೇರಿಯಲ್ಲಿ ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಕಾರ್ಯಕ್ರಮವೆಂದರೆ ಒಂದು ಹಳ್ಳಿಯಲ್ಲಿ ಅಣಕು ಭೂಕಂಪ. ಯಾವ ಹಳ್ಳಿ ಎಂಬುದನ್ನು ಅಂದು ಬೆಳಿಗ್ಗೆಯವರೆಗೆ ಗುಟ್ಟಾಗಿಟ್ಟಿದ್ದರು. ನಿಜವಾದ ಭೂಕಂಪ ಹೇಳಿ ಕೇಳಿ ಬರುವುದಿಲ್ಲವಲ್ಲ ಎಂಬುದು ಅವರ ವಾದ. ಜೀಪು ಶಿಡ್ಲಘಟ್ಟದ ರಸ್ತೆ ಬಿಟ್ಟು ಒಳಗೆ ತಿರುಗಿದಾಗ ನನಗೆ ದಾರಿಯ ಗುರುತು ಹತ್ತಿತು. ಅದು ನಮ್ಮಕ್ಕನನ್ನು ಕೊಟ್ಟ ಊರು. ತನ್ನ ರೇಷ್ಮೆ ಹುಳು ಅಂದೇ ಹಣ್ಣಾಗುತ್ತದೆಂದು ಅಕ್ಕ ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದಳು.

ಹುಳು ಹಣ್ಣಾಗುವುದೆಂದರೆ ಗೂಡು ಕಟ್ಟಲು ತಯಾರಾಗುವುದು. ಆ ದಿನ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಸಾಕುವ ತಟ್ಟೆಗಳಿಂದ ಹುಳು ಆಯ್ದು, ಗೂಡು ಕಟ್ಟಲೆಂದೇ ಬಿದಿರಿನಲ್ಲಿ ಹೆಣೆದ ಅಗಲವಾದ ಚಂದ್ರಿಕೆಗಳ ಮೇಲೆ ಬಿಡುತ್ತಾರೆ. ಹುಳುವಿನ ಮನೆಯ ಹತ್ತಿರ ಯಾರೂ ಊದುಬತ್ತಿ ಹಚ್ಚುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಬೀಡಿ ಸೇದುವವನು ಊರಾಚೆಗೆ ಹೋಗುತ್ತಾನೆ. ಹೊಗೆ ತಾಗಿದರೆ ಹುಳು ಗೂಡು ಕಟ್ಟದೆ ಜೋತುಬೀಳುತ್ತದೆ. ಅಕ್ಕನ ಹಿಂದಿನ ಬೆಳೆ ರೋಗಕ್ಕೆ ಹೋಗಿತ್ತು. ಇದೂ ಕೈಕೊಟ್ಟರೆ ಹಿಪ್ಪುನೇರಳೆ ಕಿತ್ತು ದ್ರಾಕ್ಷಿ ಹಾಕುತ್ತೇನೆಂದು ಭಾವ ಹೇಳಿಬಿಟ್ಟಿದ್ದ. ದ್ರಾಕ್ಷಿ ಹಾಕಿದರೆ ತೋಟ ಅವನದು. ಹುಳುವಿನ ಮನೆ ಮಾತ್ರ ಅವಳದು. ಅಲ್ಲಿ ಅವಳ ಮಾತೇ ನಡೆಯುತ್ತಿತ್ತು, ಬೇರೆಲ್ಲೂ ನಡೆಯುತ್ತಿರಲಿಲ್ಲ.

ಶಾಲೆಯ ಬಯಲಲ್ಲಿ ಹಳೆಯ ತಗಡುಗಳನ್ನು ರಾಶಿ ಹಾಕಿ, ಅದರಡಿ ಕಾಲೇಜು ಹುಡುಗರನ್ನು ಮಲಗಿಸಿ, ಕುಂಕುಮದ ನೀರು ಬಳಿದಿದ್ದರು. ಪಕ್ಕದಲ್ಲಿ ಹೊಗೆ ಡಬ್ಬಿಗಳ ಸಾಲು. ಭೂಕಂಪದಲ್ಲಿ ಹೊಗೆ ಯಾಕೆಂದು ಕೇಳಿದೆ.

"ನಡುಕ ಫೋಟೋದಲ್ಲಿ ಕಾಣಲ್ಲ ಮೇಷ್ಟ್ರೇ," ಎಂದರು ಅಧಿಕಾರಿ.

ಬಯಲಿನ ಪಕ್ಕದ್ದೇ ಅಕ್ಕನ ಮನೆ. ಗಾಳಿಯೂ ಅತ್ತಲೇ ಬೀಸುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನು ಕಂಡು ಓಡಿಬಂದಳು. "ಹೊಗೆ ಹಾಕ್ತಾರಂತೆ, ನಿಜವೇನೋ? ಹುಳ ಅರ್ಧ ಚಂದ್ರಿಕೆ ಮೇಲಿದೆ, ಇನ್ನೂ ಅರ್ಧ ತಟ್ಟೇಲಿದೆ. ನಾಳೆ ಹಾಕ್ಕೊಳ್ಳಲಿ ಅನ್ನಪ್ಪ, ನಿಂಗೆ ಕೈ ಮುಗೀತೀನಿ."

ಹೋಗಿ ಹೇಳಿದೆ. ಅಧಿಕಾರಿ ಕೈಗಡಿಯಾರ ನೋಡಿಕೊಂಡರು. "ಹತ್ತೇ ನಿಮಿಷ ಕಣ್ರೀ. ಐದು ದೇಶದೋರು ಬಂದವ್ರೆ, ಹುಳಕ್ಕೆ ಹೆದರ್ಕೊಂಡು ಭೂಕಂಪ ಮುಂದಕ್ಕಾಕಣಾ?"

ಹತ್ತಿರ ನಿಂತಿದ್ದ ಬಾಂಗ್ಲಾದೇಶದ ಅಧಿಕಾರಿಣಿ ಏನು ವಿಷಯವೆಂದು ಕೇಳಿದರು. ಸ್ಥಳೀಯರಿಗೆ ಒಂದು ಸಣ್ಣ ಸಂದೇಹವಿತ್ತು, ಬಗೆಹರಿಯಿತು ಎಂದು ಅನುವಾದಿಸಿದೆ. ದುಭಾಷಿಯ ಕೆಲಸವೆಂದರೆ ಅದೇ ಎಂದು ನನಗೆ ಬೆಳಿಗ್ಗೆಯೇ ತಿಳಿಹೇಳಿದ್ದರು.

ಸೈರನ್ ಕೂಗಿತು. ಜೀಪಿನ ಮೈಕು, "ಇದು ಅಣಕು ಭೂಕಂಪ, ಯಾರೂ ಗಾಬರಿಯಾಗಬೇಡಿ, ಎಲ್ಲರೂ ಬೇಗ ಬೇಗ ಓಡಿಬನ್ನಿ" ಎಂದಿತು. ಊರಾಚೆಯ ಹುಣಸೆಮರದ ಕೆಳಗೆ ಸುಣ್ಣದಲ್ಲಿ ಗೆರೆ ಎಳೆದು ಅದನ್ನು ಸುರಕ್ಷಿತ ವಲಯವೆಂದು ಕರೆದಿದ್ದರು. ಜನ ಓಡಿದರು ನಿಜ, ಆದರೆ ಓಡಿದ್ದು ಅಕ್ಕನ ಮನೆಯೊಳಕ್ಕೆ. ಅಷ್ಟರಲ್ಲಿ ಡಬ್ಬಿಗಳು ಬುಸುಗುಟ್ಟಿದವು. ಅಕ್ಕನ ಅತ್ತೆ ತಲೆ ಮೇಲೆ ಕೈ ಹೊತ್ತು, "ಪೊಗ! ಪೊಗ ವಚ್ಚಿಂದಿ!" ಎಂದು, ಹೊಗೆ ಬಂತೆಂದು ತೆಲುಗಿನಲ್ಲಿ ಬೊಬ್ಬೆ ಹಾಕಿದಳು. ಅಂದು ಕೇಳಿದ ಮುನ್ನೆಚ್ಚರಿಕೆಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ.

ಒಬ್ಬೊಬ್ಬರೇ ಚಂದ್ರಿಕೆ ಹೊತ್ತು ಹೊರಬಂದರು. ಸ್ಟ್ರೆಚರ್ ಹಿಡಿಯಬೇಕಿದ್ದ ಸ್ವಯಂಸೇವಕರು ಸ್ಟ್ರೆಚರಿನ ಮೇಲೆ ಹುಳುವಿನ ತಟ್ಟೆ ಇಟ್ಟುಕೊಂಡು ಓಡಿದರು. ಸುರಕ್ಷಿತ ವಲಯದ ತುಂಬ ಚಂದ್ರಿಕೆಗಳು ನಿಂತವು, ಮನುಷ್ಯರಿಗೆ ಕಾಲಿಡಲು ಜಾಗವಿರಲಿಲ್ಲ. ತಗಡಿನಡಿಯ ಗಾಯಾಳುಗಳು ಮೊದಲು ಕಲಿಸಿಕೊಟ್ಟಂತೆ ನರಳಿದರು, ಆಮೇಲೆ ಬೇಸರವಾಗಿ ತಾವೇ ಎದ್ದು ಬಂದರು. ಅಧಿಕಾರಿ ಅತಿಥಿಗಳತ್ತ ತಿರುಗಿ, "ನಮ್ ಜನ ಸ್ವಲ್ಪ ದಡ್ಡರು ಅಂತ ಹೇಳ್ರೀ," ಎಂದರು. ನಮ್ಮ ಜನ ಸ್ವಲ್ಪ ಅವಸರದಲ್ಲಿದ್ದಾರೆ ಎಂದೆ.

ಬಾಂಗ್ಲಾದ ಆ ಹೆಂಗಸು ನನ್ನ ಅನುವಾದಕ್ಕೆ ಕಾಯಲಿಲ್ಲ. ನೇರ ಅಕ್ಕನ ಮನೆಗೆ ನಡೆದು, ಹೊಸ್ತಿಲಾಚೆ ಬಿಟ್ಟಿದ್ದ ಚಪ್ಪಲಿಗಳ ರಾಶಿ ನೋಡಿ ತಮ್ಮ ಬೂಟನ್ನೂ ಬಿಚ್ಚಿಟ್ಟರು. ಒಳಗೆ ಹೋಗಿ, ಅಕ್ಕ ಒಬ್ಬಳೇ ಎಳೆಯುತ್ತಿದ್ದ ಚಂದ್ರಿಕೆಯ ಇನ್ನೊಂದು ತುದಿ ಹಿಡಿದರು. ನೇಪಾಳದವರೂ ಶ್ರೀಲಂಕಾದವರೂ ಹಿಂದೆಯೇ ಹೋದರು. ನಮ್ಮ ಅಧಿಕಾರಿಗಳು ಮಾತ್ರ ಸುಣ್ಣದ ಗೆರೆಯ ಮೇಲೆ ಶಿಸ್ತಾಗಿ ನಿಂತಿದ್ದರು. ನಾನು ಕಂಡ ಪ್ರಾದೇಶಿಕ ಸಹಕಾರ ಅಷ್ಟೇ, ಅದೂ ಕಾರ್ಯಕ್ರಮ ಪಟ್ಟಿಯಲ್ಲಿರಲಿಲ್ಲ.

ಹೊಗೆ ಕರಗಿದ ಮೇಲೆ ಆಕೆ ಕೆಮ್ಮುತ್ತ ನನಗೆ ಹೇಳಿದರು. ಅವರ ಕಡಲತೀರದಲ್ಲಿ ಚಂಡಮಾರುತದ ಸೈರನ್ ಕೂಗಿದರೂ ಜನ ಮನೆ ಬಿಡುತ್ತಿರಲಿಲ್ಲವಂತೆ, ಹಸುಗಳನ್ನು ಬಿಟ್ಟು ಹೇಗೆ ಹೋಗುವುದೆಂದು. ಹಸುಗಳಿಗೂ ಎತ್ತರದ ದಿಬ್ಬ ಮಾಡಿಕೊಟ್ಟ ಮೇಲೆ ಬಂದರಂತೆ. ಅದನ್ನು ಅಕ್ಕನಿಗೂ ಕೇಳುವಂತೆ ನಮ್ಮ ಅಧಿಕಾರಿಗೆ ಕನ್ನಡದಲ್ಲಿ ಹೇಳಿದೆ. "ಒಳ್ಳೇ ಪಾಯಿಂಟು," ಎಂದು ಎಲ್ಲರನ್ನೂ ಊಟಕ್ಕೆ ಕರೆದರು.

ಊಟಕ್ಕೆ ನಾಟಿ ಕೋಳಿ ಸಾರು. ಕೋಳಿಗಳನ್ನು ಅದೇ ಊರಿನ ಹಿತ್ತಿಲುಗಳಿಂದ ಹಿಡಿಸಿದ್ದರು, ಅದಕ್ಕೂ ಮುನ್ಸೂಚನೆ ಇರಲಿಲ್ಲ. ನಾನು ಉಣ್ಣದೆ ಅಕ್ಕನ ಹತ್ತಿರ ಹೋದೆ. ಮರದಡಿಯ ಹುಳುಗಳು ತಲೆಯಾಡಿಸುತ್ತ ನೂಲು ಬಿಡತೊಡಗಿದ್ದವು. ಕೊನೆಗೆ ತಂದ ತಟ್ಟೆಗಳಲ್ಲಿ ಹುಳುಗಳು ಮೆತ್ತಗಾಗಿ ಬಿದ್ದಿದ್ದವು. ಅಕ್ಕ ಒಂದೊಂದನ್ನೇ ಬೆರಳಲ್ಲಿ ಮುಟ್ಟಿ ನೋಡುತ್ತಿದ್ದಳು. ನನಗೆ ಆ ಅಧಿಕಾರಿಯ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಭಾವ ಅವಳ ಪಕ್ಕ ಕೂತು ಬಿದ್ದ ಹುಳುಗಳನ್ನು ಬೇರೆ ಮಾಡುತ್ತಿದ್ದ. "ಇದು ನಿನ್ನ ಹುಳದ ತಪ್ಪಲ್ಲ ಬಿಡೇ. ಇರೋದು ಕಟ್ಕೊಳ್ತವೆ, ಮುಂದಿನ ಬೆಳೆ ನೋಡಣ," ಎಂದ. ಅಕ್ಕ ಆಗ ಅತ್ತಳು.

ಅತಿಥಿಗಳು ಕಾರು ಹತ್ತುವಾಗ ಬಾಂಗ್ಲಾದ ಆಕೆ ಅಕ್ಕನನ್ನು ಹುಡುಕಿಕೊಂಡು ಬಂದು ಕೈ ಹಿಡಿದರು. ಅಧಿಕಾರಿ ಧನ್ಯವಾದ ಕೇಳಿಸಿಕೊಳ್ಳುವ ಮುಖ ಮಾಡಿ ಪಕ್ಕದಲ್ಲೇ ನಿಂತರು. ಅಕ್ಕ ನನ್ನ ಕಡೆ ತಿರುಗಿದಳು.

"ಈ ಸಾಹೇಬ್ರೂ ಆಯಮ್ಮನ ಊರಿಗೆ ಹೋಗ್ತಾರೇನೋ, ಹಿಂಗೇ ಮಾಡಕ್ಕೆ?"

"ಮುಂದಿನ ವರ್ಷ ಅವರ ಸರದಿಯಂತೆ."

"ಹಂಗಾದ್ರೆ ಆಯಮ್ಮನಿಗೆ ಹೇಳು. ಹಸಗಳನ್ನ ಮೊದಲೇ ದೂರ ಕಟ್ಕೊಂಡುಬಿಡಲಿ."

ಆ ದಿನ ಮೊದಲ ಬಾರಿಗೆ ಒಂದಕ್ಷರ ಬಿಡದೆ ಅನುವಾದಿಸಿದೆ. ಆಕೆ ನಗಲಿಲ್ಲ. ಗಂಭೀರವಾಗಿ ಯೋಚಿಸಿ, ಹಸುಗಳಷ್ಟೇ ಸಾಕೇ, ಕೋಳಿಗಳನ್ನೂ ಕಟ್ಟಬೇಕೇ ಎಂದು ಕೇಳಿದರು.

ಅಕ್ಕ ಅಧಿಕಾರಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಕೋಳಿನೂ ಕಟ್ಕೊಳ್ಳಲಿ. ಇವ್ರು ಊಟಕ್ಕೆ ನಿಲ್ತಾರೆ."