ಹಿಮದಲ್ಲೂ ಕಲ್ಲುಗಾಡಿ ಇಳಿಸಿದ ಇದ್ವಲ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೇಲ್ಸಿನ ಕುಮ್ ರೆದಿನ್ ಕಲ್ಲುಗಣಿಯ ಲಾಯದಲ್ಲಿ ಇದ್ವಲ್ ಪ್ಯಾರಿ ಎಂಬವರು ಕುದುರೆಯ ಗೊರಸು ಎತ್ತಿ ಹಿಡಿದು, ಸಿಕ್ಕಿಕೊಂಡ ಹರಳು ಕೆರೆಯುತ್ತಿದ್ದಾರೆ.

"ಕಾಲು ಕೊಡೇ ಮಹಾರಾಣಿ. ನಿನ್ನ ಸೇವೆ ಮಾಡೀ ಮಾಡೀ ನನ್ನ ಸೊಂಟ ಬಿತ್ತು."

ಮಹಾರಾಣಿಯ ಹೆಸರು ದೋಲಿ. ಉತ್ತರವಾಗಿ ಅವಳು ಅವರ ಟೋಪಿಗೇ ಬಾಯಿ ಹಾಕುತ್ತಾಳೆ.

ಚಾವಣಿಗೆ ಹೊದಿಸುವ ಸ್ಲೇಟು ಕಲ್ಲು ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಾವಾಗಿಯೇ ಊರಿಗೆ ಉರುಳುತ್ತವೆ. ಬ್ರೇಕಿನ ಮರದ ಹಿಡಿ ಇದ್ವಲ್ ಕೈಯಲ್ಲಿ. ದೋಲಿ ಕೊನೆಯ ಗಾಡಿಯಲ್ಲಿ ನಿಂತು, ಹುಲ್ಲು ಮೆಲ್ಲುತ್ತಾ ಇಳಿಯುತ್ತಾಳೆ. ಖಾಲಿ ಗಾಡಿಗಳನ್ನು ಮತ್ತೆ ಮೇಲಕ್ಕೆ ಎಳೆಯುವುದು ಅವಳ ಪಾಲಿನ ಕೆಲಸ. ಗಣಿಯವರು ಕೆಣಕುತ್ತಾರೆ: "ಇಳಿಯೋವಾಗ ಅವಳು ಯಜಮಾನಿ, ನೀನು ಆಳು!"

ಉಗಿಬಂಡಿಯ ಹೆಸರೂ ಈ ಕಣಿವೆಗೆ ತಿಳಿಯದಿದ್ದಾಗ ಹಾಸಿದ ಹಳಿ ಇದು. ಅದಕ್ಕೂ ಮೊದಲು ಕಲ್ಲನ್ನು ಕುದುರೆಗಳ ಬೆನ್ನ ಮೇಲೆ ಬುಟ್ಟಿಯಲ್ಲಿ ಹೇರುತ್ತಿದ್ದರು. ಎಷ್ಟೋ ಕುದುರೆಗಳ ಬೆನ್ನು ಹುಣ್ಣಾಗುತ್ತಿತ್ತು. ಹಳಿ ಹಾಸಿದವರಲ್ಲಿ ಇದ್ವಲ್ ಅವರ ಮುತ್ತಜ್ಜನೂ ಒಬ್ಬ. ಅಡ್ಡ ದಿಮ್ಮಿ ಹಾಕಿದರೆ ಕುದುರೆ ಎಡವೀತೆಂದು, ಎರಡೂ ಬದಿಗೆ ಬಿಡಿ ಕಲ್ಲು ಹೂತು, ಅದರ ಮೇಲೆ ಕಬ್ಬಿಣ ಕೂರಿಸಿ, ನಡುವೆ ಕುದುರೆಗಳಿಗೆ ದಾರಿ ಬಿಟ್ಟರು. "ಕುದುರೆ ಕಾಲಿನ ಚಿಂತೆ ಮಾಡಿದ್ರಲ್ಲ, ಅವರು ದೊಡ್ಡವರು," ಎನ್ನುತ್ತಾರೆ ಇದ್ವಲ್.

ಮಹಾಯುದ್ಧ ಮುಗಿದ ಮೇಲಿನ ಎರಡನೇ ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆಯೇ ಮುಚ್ಚಿಹೋಯಿತು. ಗಣಿಯ ಮೇಲಿನ ಮನೆಯಲ್ಲಿ ಮಾರ್ಗೆಡ್ ಎಂಬ ಹೆಂಗಸಿಗೆ ಹೆರಿಗೆ ನೋವು. ಮಗು ಅಡ್ಡ ತಿರುಗಿತ್ತು. ವೈದ್ಯರಿರುವುದು ಕೆಳಗಿನ ಊರಲ್ಲಿ. ಕಲ್ಲುಗಾಡಿಗೆ ಹುಲ್ಲು ಹಾಸಿ, ಕಂಬಳಿ ಹೊದಿಸಿ ಅವಳನ್ನು ಮಲಗಿಸಿದರು. ಆಳುಗಳು ಹಿಮ ಬಗೆದರು, ದೋಲಿ ಗಾಡಿ ಎಳೆಯುತ್ತಾ ಎದೆಯಿಂದಲೇ ದಾರಿ ಬಿಡಿಸಿದಳು. ಕಡಿದಾದ ಇಳಿಜಾರು ಬಂದಾಗ ದೋಲಿಯನ್ನು ಕಳಚಿ ಪಕ್ಕಕ್ಕೆ ಸರಿಸಿದರು. ಆಗಲೇ ಮಂಜುಗಟ್ಟಿದ ಬ್ರೇಕು ಜಾರತೊಡಗಿತು. ಇದ್ವಲ್ ಮೈಮೇಲಿನ ಕೋಟು ಬಿಚ್ಚಿ ಗಾಲಿಗೂ ಬ್ರೇಕಿನ ಮರಕ್ಕೂ ನಡುವೆ ತುರುಕಿ, ಹಿಡಿಯ ಮೇಲೆ ಮೈಭಾರ ಬಿಟ್ಟರು. ಗಾಡಿ ಹಿಡಿತಕ್ಕೆ ಬಂತು.

"ನಾನು ಕಿರುಚ್ತಾ ಇದ್ದೆ. ಇದ್ವಲ್ 'ಹೆದರಬೇಡ ಮಗಳೇ, ಕಲ್ಲನ್ನೇ ಒಡೆಯದ ಹಾಗೆ ಇಳಿಸ್ತೀನಿ, ನಿನ್ನ ಬಿಡ್ತೀನಾ' ಅಂದ್ರು," ಎಂದು ನೆನೆಯುತ್ತಾಳೆ ಮಾರ್ಗೆಡ್. ಅಂದು ವೈದ್ಯರ ಕೈಯಲ್ಲಿ ಹುಟ್ಟಿದವಳು ಐರಾ. ವೇಲ್ಸಿನ ಭಾಷೆಯಲ್ಲಿ ಐರಾ ಎಂದರೆ ಹಿಮ. ಅವಳೀಗ ಶಾಲೆಗೆ ಹೋಗುತ್ತಾಳೆ. ಆ ಚಳಿಗೆ ಮರಗಟ್ಟಿದ ಇದ್ವಲ್ ಅವರ ಎರಡು ಬೆರಳು ಇಂದಿಗೂ ಮಡಚುವುದಿಲ್ಲ.

ಬರುವ ವಸಂತಕ್ಕೆ ಲಾರಿಗಳು ಬರುತ್ತವೆ, ಹಳಿ ಕೀಳುತ್ತಾರೆ. ಕುದುರೆಗಳೆಲ್ಲ ಹರಾಜಿಗೆ ಎಂದಾಗ ಇದ್ವಲ್ ಊಟ ಬಿಟ್ಟು ಕೂತಿದ್ದರು. ಮಾರ್ಗೆಡ್ ಸುಮ್ಮನಿರಲಿಲ್ಲ, ಗಣಿಯ ಯಜಮಾನರ ಬಾಗಿಲಿಗೆ ಹೋಗಿ, ದೋಲಿಯನ್ನು ತನಗೇ ಕೊಡಿ ಎಂದು ಹಟ ಹಿಡಿದಳು. ಅವರು ಒಪ್ಪಿದರು. ಇನ್ನು ಮೇಲೆ ದೋಲಿ ಮಾರ್ಗೆಡ್ ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ಮೇಯುತ್ತಾಳೆ.

"ಆ ತಾಯಿ ಋಣ ನನ್ನ ಮೇಲಿದೆ," ಎನ್ನುತ್ತಾರೆ ಇದ್ವಲ್. "ನನ್ನ ಮೇಲೆ ಅವರದಿದೆ," ಎಂದು ಮಾರ್ಗೆಡ್ ಜಗಳಕ್ಕೇ ನಿಲ್ಲುತ್ತಾಳೆ.

ಇಷ್ಟು ಕಾಲ ದುಡಿದದ್ದಕ್ಕೆ ಏನು ಉಳಿಯಿತು ಎಂದರೆ ಇದ್ವಲ್ ಕೆಳಗಿನ ಊರಿನ ಚಾವಣಿಗಳತ್ತ ನೋಡುತ್ತಾರೆ.

"ನಾವು ಇಳಿಸಿದ ಕಲ್ಲು ಯಾರ್‍ಯಾರ ಮನೆ ಮೇಲಿದೆಯೋ, ನನಗೇನು ಗೊತ್ತು? ಮಳೆ ಬಂದಾಗ ಒಳಗಿರೋರು ಬೆಚ್ಚಗೆ ಮಲಗಿದ್ರೆ ಸಾಕಪ್ಪ."