ಬಸ್‌ಸ್ಟ್ಯಾಂಡಿನ ಒಂಟಿ ಕುರ್ಚಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಮಧುಗಿರಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿದ್ದದ್ದು ಒಂದೇ ಕುರ್ಚಿ. ಪಾವಗಡದ ಬಸ್ಸಿಗಾಗಿ ಹತ್ತು ಸಲ ರಸ್ತೆಗೆ ಹೋಗಿ ನೋಡಿ ಬಂದು, ಮಂಡಿನೋವು ತಡೆಯಲಾಗದೆ ಅದರಲ್ಲಿ ಕೂತೆ.

ಪಕ್ಕದಲ್ಲಿ ನಿಂತಿದ್ದ ಶಿರಾದ ಪಾತ್ರೆ ಅಂಗಡಿ ಸಾಹೇಬರು ನಕ್ಕರು: "ನಮ್ಮ ಮಾತಿನ ಮೇಲೆ ಆರಾಮಾಗಿ ಕೂತಿದ್ದೀರಲ್ಲ! ಕುರ್ಸಿ ಅರಬ್ಬಿಯಿಂದ ಬಂದಿದ್ದು. ಅಲ್ಲಿ ದೇವರ ಸಿಂಹಾಸನಕ್ಕೂ ಅದೇ ಹೆಸರು."

"ಕುರ್ಚೀ ಮಾ ತೆಲುಗು ಮಾಟ ಸ್ವಾಮೀ!" ಅಂದ ಪಾವಗಡದವನೊಬ್ಬ.

ನನ್ನಂಥ ಪಂಡಿತನಿಗೆ ಸುಮ್ಮನಿರಲಾದೀತೇ? ಎದ್ದು ನಿಂತು, "ಕನ್ನಡದಲ್ಲಿ ಕುರ್ಚಿ ಅಂದ್ರೆ ಅಧಿಕಾರ ಕಣ್ರೀ!" ಎಂದು ಗುಡುಗಿದೆ. ತಿರುಗಿದರೆ, ಮಿಡಿಗೇಶಿಯ ಅಜ್ಜಿಯೊಬ್ಬಳು ಅದರಲ್ಲಿ ಕೂತು ಟೀ ಹೀರುತ್ತಿದ್ದಳು.

"ಅಜ್ಜೀ, ಅದು ನನ್ನ ಕುರ್ಚಿ!"

"ಅದ್ಯಾರ ಭಾಷೇದು ಅಂತ ಮೊದ್ಲು ತೀರ್ಮಾನ ಮಾಡ್ಕಳ್ರಪ್ಪ, ಆಮ್ಯಾಲೆ ಎದ್ಬುಡ್ತೀನಿ."

ಮೂವರೂ ನಿಂತೇ ವಾದಿಸಿದೆವು. ಕೊನೆಗೆ ಬಸ್ಸು ಬಂತು, ಅಜ್ಜಿ ಎದ್ದಳು.

ಬಸ್ಸು ಬಂತು ಅನ್ನೋದೊಂದು ಮಾತ್ರ ನಾನೇ ಸೇರಿಸಿದ್ದು.